ಕೀಳಲು ಬಿಡದ ಹಲ್ಲು

ಬಲಗಡೆ, ಕೆಳಸಾಲಿನಲ್ಲಿ ಕೊನೆಯಿಂದ ಎರಡನೇ ಹಲ್ಲು. ಅದನ್ನು ಕೀಳಿಸಿಬಿಡು ಎಂದು ಮನೆಯವರು ಹೇಳಿದರು, ಪಕ್ಕದ ಮನೆಯವರು ಹೇಳಿದರು, ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರೂ ಹೇಳಿದರು. ನಾನು ಕೀಳಿಸಲಿಲ್ಲ. ಹೊಸೂರಿಗೆ ಹೋಗಿ ತುಂಬಿಸಿಕೊಂಡು ಬಂದೆ. ಇಷ್ಟಕ್ಕೆ ನಮ್ಮ ಮನೆಯಲ್ಲಿ ಎರಡು ವಾರ ಜಗಳ ನಡೆಯಿತು ಎಂದರೆ ಕೇಳಿದವರು ನಗಬಹುದು. ನಗಲಿ. ನನ್ನ ಗಂಡ ಯಾವುದರಿಂದ ಸತ್ತರು ಎನ್ನುವುದೇ ಆ ಜಗಳದ ಬುಡ. ಊರಿನವರ ಮಾತಿನಲ್ಲಿ ಅವರು ಸತ್ತದ್ದು ಹಲ್ಲುನೋವಿನಿಂದ.

ಆ ದಿನದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ತಮಿಳುನಾಡಿನ ಹೊಸೂರಿನ ಕಡೆ, ಸಾನಮಾವು ಕಾಡಿನ ಅಂಚಿನ ಊರು. ಸ್ವಲ್ಪ ಜಮೀನಿನಲ್ಲಿ ಟೊಮೇಟೊ, ಮಿಕ್ಕಿದ್ದರಲ್ಲಿ ರಾಗಿ, ಎರಡು ಹಸು. ಬೆಳಿಗ್ಗೆ ಅವರು ಟೊಮೇಟೊ ಗಿಡಗಳಿಗೆ ಕಡ್ಡಿ ನೆಟ್ಟು ದಾರ ಕಟ್ಟುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಎಡದವಡೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತರು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಬಿಸಿಲಿಗೆ ಇರಬೇಕು ಎಂದುಕೊಂಡೆ.

"ಹಲ್ಲು ನೋಯ್ತಾ ಐತೆ. ಯಾವ್ ಹಲ್ಲು ಅಂತ ಗೊತ್ತಾಗ್ತಿಲ್ಲ. ಎಲ್ಲಾನೂ ಒಟ್ಗೇ ನೋಯ್ತಾವೆ" ಎಂದರು.

ನಾನು ಲವಂಗ ಜಜ್ಜಿ ದವಡೆಗೆ ಇಟ್ಟೆ. ನನ್ನ ಅತ್ತೆ ಹೋಗಿ ಹುಳ ತೆಗೆಯುವ ಅಜ್ಜಿಯನ್ನು ಕರೆದುಕೊಂಡು ಬಂದರು. ಹಲ್ಲಿನೊಳಗೆ ಹುಳ ಇರುತ್ತದೆ, ಹೊಗೆ ಕೊಟ್ಟರೆ ಅದು ಉದುರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದೆವು, ನಾನೂ ಸೇರಿ. ಆ ಅಜ್ಜಿ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಕೆಂಪಗೆ ಕಾದ ಕಬ್ಬಿಣದ ತುಂಡು ಇಟ್ಟು, ಅದರ ಮೇಲೆ ತುಪ್ಪದಲ್ಲಿ ಕಲೆಸಿದ ನೆಲಗುಳ್ಳದ ಬೀಜ ಹಾಕಿ, ತೂತಿರುವ ತೆಂಗಿನ ಚಿಪ್ಪು ಮುಚ್ಚಿದಳು. ತೂತಿಗೆ ಪರಂಗಿ ಎಲೆಯ ಕೊಳವೆ ಸಿಕ್ಕಿಸಿ ಅವರ ಬಾಯಿಗೆ ಕೊಟ್ಟಳು. ಹೊಗೆ ಒಳಗೆ ಹೋಯಿತು, ಕೆಮ್ಮಿದರು, ಜೊಲ್ಲು ಸುರಿಯಿತು. ಚಿಪ್ಪು ಎತ್ತಿದಾಗ ತಟ್ಟೆಯ ನೀರಿನಲ್ಲಿ ಬಿಳೀ ಹುಳಗಳು ತೇಲುತ್ತಿದ್ದವು. ಬೀದಿಯವರೆಲ್ಲ ಬಗ್ಗಿ ನೋಡಿದರು.

ಅವರೂ ನೋಡಿದರು. ಅಂಥ ನೋವಿನಲ್ಲೂ, "ಇಷ್ಟೊಂದ್ ಹುಳ ನನ್ ಬಾಯಲ್ಲಿ ಉಣ್ತಾ ಇದ್ವಾ? ಅದ್ಕೇ ನಾನ್ ಎಷ್ಟ್ ತಿಂದ್ರೂ ಸಣ್ಣಕ್ಕೇ ಇದೀನಿ" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ವಾಂತಿ ಮಾಡಿಕೊಂಡರು, ಏಳಲು ಹೋಗಿ ಮತ್ತೆ ಕೂತರು. ಮೈದುನ ಟೊಮೇಟೊ ಸಾಗಿಸುವ ತನ್ನ ಗಾಡಿಯನ್ನು ತರುವ ಹೊತ್ತಿಗೆ ಹನ್ನೆರಡೂವರೆ ಆಗಿತ್ತು. ಹೊಸೂರು ಮುಟ್ಟುವ ಮೊದಲೇ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ನೋವು ಶುರುವಾಗಿ ಎಷ್ಟು ಹೊತ್ತಾಯಿತು? ಹತ್ತು ಗಂಟೆಗೆ ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹೃದಯಾಘಾತ ಎಂದು ಮೈದುನನಿಗೆ ಹೇಳಿದರು. ಚೀಟಿಯಲ್ಲೂ ಅದೇ ಬರೆದಿತ್ತು. ಮಗಳು ಅದನ್ನು ಓದಿ ನನಗೆ ಹೇಳಿ, ಮಡಚಿ ಬೀರುವಿನಲ್ಲಿಟ್ಟಳು.

ಚೀಟಿಯನ್ನು ಓದಿದ್ದು ಒಬ್ಬಳು, ಹುಳವನ್ನು ಕಂಡವರು ಬೀದಿ ತುಂಬ. ಹೀಗಾಗಿ ಊರಿನಲ್ಲಿ ಹುಳದ ಕಥೆಯೇ ನಿಂತಿತು. ಹಲ್ಲಿನ ನರ ಎದೆಗೆ ಇಳಿದು ಸತ್ತ, ಮೊದಲೇ ಆ ಹಲ್ಲು ಕೀಳಿಸಿದ್ದರೆ ಬದುಕುತ್ತಿದ್ದ ಎಂದರು. ಮಾತಾಡಿಸಲು ಬಂದವರೆಲ್ಲ ಅದನ್ನೇ ಹೇಳಿ ಹೋದರು. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಕನ್ನಡ ಮೀಡಿಯಂನಲ್ಲಿ ಹತ್ತನೇ ತರಗತಿವರೆಗೆ ಓದಿದ್ದೇನೆ, ಅಲ್ಲೂ ಹಿಂದಿನ ಬೆಂಚು. ಬಂದವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿದೆ. ಹಾಗೆ ತಲೆ ಆಡಿಸಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಎರಡು ತಿಂಗಳ ಮೇಲೆ ನನ್ನ ಹಲ್ಲು ಶುರುವಾಯಿತು. ಅವರೆಕಾಯಿಯ ಕಾಲ. ಹುರಿದ ಅವರೆಕಾಳು ಬಾಯಿಗೆ ಹಾಕಿಕೊಂಡು ಕಚ್ಚಿದಾಗ ಹಲ್ಲಿನ ಅಂಚು ಒಂದು ಚೂರು ಮುರಿಯಿತು. ಆಮೇಲೆ ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಬೆಲ್ಲದ ಕಾಫಿ ಕುಡಿದರೆ ಜುಮ್ಮೆನ್ನುವುದು, ಒಂದು ನಿಮಿಷದಲ್ಲಿ ಇಳಿಯುವುದು. ನಾಲಿಗೆ ಸುಮ್ಮನಿರದೆ ಆ ಗುಂಡಿಯನ್ನೇ ಹುಡುಕುವುದು. ಯಾರಿಗೂ ಹೇಳಬಾರದು ಎಂದಿದ್ದೆ. ಒಂದು ದಿನ ನೀರು ಕುಡಿಯುವಾಗ ಕೆನ್ನೆಗೆ ಕೈ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಅವರ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಅವರೆಕಾಯಿ ಎಲ್ಲಾ ನೆಲದ ಪಾಲು.

"ಯಾವ್ ಕಡೆ?"

"ಬಲಗಡೆ ಅತ್ತೆ. ಏನಿಲ್ಲ, ಜುಮ್ ಅಂತದೆ ಅಷ್ಟೇ."

"ಅವ್ನೂ ಏನಿಲ್ಲ ಅಂದ. ಏನಿಲ್ಲ ಅಂದೋನೇ ಹೋಗ್ಬುಟ್ಟ. ನಾಳೆನೇ ಹೋಗಿ ಕೀಳಿಸ್ಬುಡು."

ಆ ದಿನದಿಂದ ಅದೇ ಮಾತು. ಹಸು ಕರೆಯುವಾಗ, ರಾಗಿ ಕೇರುವಾಗ, ಊಟಕ್ಕೆ ಕೂತಾಗ. ತುಂಬಿಸಿಕೊಳ್ಳಬಹುದಂತೆ ಅತ್ತೆ, ಗುಂಡಿಯನ್ನು ಮುಚ್ಚುತ್ತಾರಂತೆ ಎಂದು ನಾನು ಒಂದು ಸಲ ಹೇಳಿದೆ.

"ಯಾಕ್ ತುಂಬಿಸ್ಬೇಕು? ಯಾರಿಗೆ ತೋರ್ಸೋಕೆ? ಮುದ್ದೆ ತಿನ್ನೋ ಜನ ನಾವು. ಮುದ್ದೆ ನುಂಗೋಕೆ ಹಲ್ಲು ಯಾಕಮ್ಮ ಬೇಕು?"

ನಿಜ, ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿಯುವವರನ್ನು ಕಂಡರೆ ಮಕ್ಕಳು ಕೂಡ ನಗುತ್ತಾರೆ. ಅತ್ತೆಯ ಬಾಯಲ್ಲೇ ಈಗ ನಾಲ್ಕೋ ಐದೋ ಹಲ್ಲು ಉಳಿದಿವೆ, ಅವರು ನನಗಿಂತ ದೊಡ್ಡ ಮುದ್ದೆ ಉಣ್ಣುತ್ತಾರೆ. ಅದಕ್ಕೆ ಉತ್ತರ ಕೊಡುವುದು ಕಷ್ಟ.

"ನಂಗೆ ಕಬ್ಬು ತಿನ್ಬೇಕು" ಎಂದೆ.

"ಗಂಡ ಸತ್ತು ಮೂರ್ ತಿಂಗ್ಳಾಗಿಲ್ಲ, ಕಬ್ಬು ತಿನ್ಬೇಕಂತೆ!"

ಆ ಮಾತು ಮರುದಿನವೇ ಡೈರಿ ಮುಟ್ಟಿತು. ಕ್ಯಾನು ಹಿಡಿದ ಒಬ್ಬಳು, "ಏನಕ್ಕಾ, ಈ ಸಲ ಆಲೆಮನೆ ಹಾಕ್ತೀರಂತೆ?" ಎಂದು ಕೇಳಿದಳು. ಸುತ್ತ ನಿಂತವರು ಸೆರಗು ಬಾಯಿಗೆ ಹಿಡಿದರು. ನಾನು ಹಾಲು ಅಳೆಸಿ ಚೀಟಿ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿ ನಡೆದೆ. ಕಚ್ಚಿದರೆ ನೋವಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಅತ್ತೆಯ ಹೆದರಿಕೆ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ನಾನು ನೀರಿನ ಲೋಟ ಎತ್ತಿದರೆ ಸಾಕು, ಅವರು ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಮಗನನ್ನು ತಿಂದ ಹಲ್ಲು ಈಗ ಸೊಸೆಯ ಬಾಯಿಗೆ ಬಂದಿದೆ ಎಂದು ಅವರು ನಂಬಿದ್ದರು. ಅದಕ್ಕಾಗಿ ನಾನು ಒಪ್ಪಬಹುದಿತ್ತು. ಒಂದು ಹಲ್ಲು ಹೋದರೆ ಹೋಗಲಿ, ಮುದುಕಿ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು ಎಷ್ಟೋ ಸಲ ಮನಸ್ಸಿಗೆ ಬಂತು. ಆದರೆ ಕೀಳಿಸಿದರೆ ಊರಿನ ಕಥೆಗೆ ನಾನೇ ರುಜು ಹಾಕಿದ ಹಾಗೆ. ನೋಡಿ, ಹೆಂಡತಿ ಸಮಯಕ್ಕೆ ಕೀಳಿಸಿಕೊಂಡಳು, ಉಳಿದಳು ಎನ್ನುತ್ತಾರೆ. ನಾಳೆ ಇನ್ನೊಬ್ಬನಿಗೆ ದವಡೆ ನೋವು ಬಂದು ಬೆವರಿದರೆ ಅವನನ್ನೂ ಜಗಲಿಯ ಮೇಲೆ ಕೂರಿಸಿ ಹೊಗೆ ಹಾಕುತ್ತಾರೆ.

ನಮ್ಮ ಮನೆತನದಲ್ಲಿ ಗಂಡ ಸತ್ತ ಹೆಂಗಸು ಮೂರು ತಿಂಗಳ ತಿಥಿ ಮುಗಿಯುವವರೆಗೆ ಊರ ಎಲ್ಲೆ ದಾಟುವ ಹಾಗಿಲ್ಲ. ಹೊಲಕ್ಕೆ ಹೋಗಬಹುದು, ಡೈರಿಗೆ ಹೋಗಬಹುದು, ಅಷ್ಟೇ. ಹೊಲದ ಬದುವಿನಲ್ಲಿ ನೆಲಗುಳ್ಳ ತಾನಾಗಿ ಬೆಳೆಯುತ್ತದೆ, ಮೈಯೆಲ್ಲ ಮುಳ್ಳು, ಗೋಲಿಯಷ್ಟು ಹಳದಿ ಹಣ್ಣು. ಕಳೆ ತೆಗೆಯಲು ಹೋದಾಗ ಒಂದು ದಿನ ಆ ಗಿಡವನ್ನು ನೋಡುತ್ತ ಕೂತೆ. ಅವರ ಬಾಯಲ್ಲಿ ಒಂದು ಹಲ್ಲೂ ಹುಳುಕಾಗಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಆ ನಗುವನ್ನು ನೋಡಿದವಳು ನಾನು. ಹಾಗಾದರೆ ಅಷ್ಟು ಹುಳ ಎಲ್ಲಿಂದ ಬಂತು?

ಹಣ್ಣು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಬೀಜ ಬಿಡಿಸಿ ಎರಡು ದಿನ ಒಣಗಿಸಿದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತಟ್ಟೆಗೆ ನೀರು ಹಾಕಿ, ಮುರಿದ ಕುಡುಗೋಲಿನ ತುಂಡನ್ನು ಒಲೆಯಲ್ಲಿ ಕಾಯಿಸಿ ಇಟ್ಟು, ತುಪ್ಪದ ಬೀಜ ಹಾಕಿ ಚಿಪ್ಪು ಮುಚ್ಚಿದೆ. ಬಾಯಿ ಹತ್ತಿರ ತೆಗೆದುಕೊಂಡು ಹೋಗಲಿಲ್ಲ. ಗೋಡೆಗೆ ಒರಗಿ ದೂರ ಕೂತೆ. ಒಳಗೆ ಚಟಪಟ ಸದ್ದಾಯಿತು. ಸದ್ದು ನಿಂತ ಮೇಲೆ ಚಿಪ್ಪು ಎತ್ತಿದೆ.

ಹುಳ ತೇಲುತ್ತಿದ್ದವು. ಅವೇ ಹುಳ. ಬಿಳೀ ಬಣ್ಣ, ಬಾಗಿದ ಬೆನ್ನು, ಅರ್ಧ ಅಕ್ಕಿಕಾಳಿನಷ್ಟು ಉದ್ದ. ಒಂದನ್ನು ಬೆರಳ ಮೇಲೆ ತೆಗೆದುಕೊಂಡು ನೋಡಿದೆ. ಬೀಜದೊಳಗಿನ ಮೊಳಕೆ ಅದು. ಬಿಸಿಗೆ ಸಿಪ್ಪೆ ಒಡೆದು ಹೊರಗೆ ಸಿಡಿದಿತ್ತು.

ಅದನ್ನು ಇನ್ನೂ ನೋಡುತ್ತಿದ್ದೆ. ಅತ್ತೆ ಬಂದರು. ಹೊಗೆಯ ವಾಸನೆಗೆ ಅವರ ಮುಖ ಬಿಳಿಚಿಕೊಂಡಿತು. ನಾನು ಅವರ ಎದುರೇ ಕಬ್ಬಿಣ ಮತ್ತೆ ಕಾಯಿಸಿ ಇನ್ನೊಂದು ಸಲ ಮಾಡಿದೆ. ಅವರು ತಟ್ಟೆಯನ್ನು ನೋಡಿದರು, ನನ್ನ ಬಾಯಿಯನ್ನು ನೋಡಿದರು, ಮತ್ತೆ ತಟ್ಟೆಯನ್ನು ನೋಡಿದರು.

"ಯಾರ್ ಬಾಯ್ದು ಇದು?"

"ಯಾರ್ದೂ ಅಲ್ಲ ಅತ್ತೆ. ಬೀಜದ್ದು."

ಅವರು ಅಲ್ಲೇ ಕುಕ್ಕರಿಸಿ ಕೂತರು. ನಂಬಿದರು ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು, "ಹುಳ ಇಲ್ದಿದ್ರೇನು? ನರ ಐತಲ್ಲ? ನರ ಎದೆಗೆ ಹೋಗ್ತದೆ. ಕೀಳಿಸ್ಬುಡು" ಎಂದು ತಟ್ಟೆಯ ನೀರನ್ನು ಅಂಗಳಕ್ಕೆ ಎರಚಿದರು.

ಸಂಜೆ ಮಗಳು ಕಂಪನಿ ಬಸ್ಸಿನಿಂದ ಇಳಿದು ಬಂದಳು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷೆ ಮಾಡುವ ಕೆಲಸ ಅವಳದು. ಅತ್ತೆ ಅವಳ ಮುಂದೆ ದೂರು ಇಟ್ಟರು.

"ಅಜ್ಜಿ, ನಮ್ ಲೈನಲ್ಲಿ ಒಂದ್ ಪಾರ್ಟು ಸ್ವಲ್ಪ ಹೋಗಿದ್ರೆ ಫಸ್ಟು ರೀವರ್ಕ್ ಮಾಡ್ತೀವಿ" ಎಂದಳು ಮಗಳು. "ಆಗ್ಲೇ ಇಲ್ಲ ಅಂದ್ರೆ ತಾನೆ ರಿಜೆಕ್ಟ್ ಡಬ್ಬಿಗೆ ಹಾಕೋದು? ರೀವರ್ಕ್ ಆಗೋದ್ನ ಎಸೆದ್ರೆ ಸೂಪರ್‌ವೈಸರು ಬಯ್ತಾನೆ."

"ನಿಮ್ಮಮ್ಮ ಏನು ಬೋಲ್ಟೇನೇ?"

"ಬೋಲ್ಟಿಗೇ ಅಷ್ಟ್ ಮರ್ಯಾದೆ ಕೊಡ್ತಾರೆ. ನಮ್ಮಮ್ಮಂಗೆ ಬ್ಯಾಡ್ವಾ?"

ಅವಳೇ ಫೋನು ಮಾಡಿ ಗುರುವಾರ ಹನ್ನೊಂದು ಗಂಟೆಗೆ ಹೇಳಿಟ್ಟಳು. ತಿಥಿಗೆ ಇನ್ನೂ ಹದಿನೆಂಟು ದಿನ ಇತ್ತು. ಅದನ್ನು ಮುಗಿಸಿಕೊಂಡು ಹೋಗು, ಎಲ್ಲೆ ದಾಟಬೇಡ ಎಂದು ಮೈದುನ ಮೆತ್ತಗೆ ಹೇಳಿದ. "ಕೀಳ್ಸೋಕೆ ಆದ್ರೆ ನಾಳೆನೇ ಎಲ್ಲೆ ದಾಟ್ಬೋದು, ತುಂಬ್ಸೋಕೆ ಆದ್ರೆ ಹದಿನೆಂಟ್ ದಿನ ಕಾಯ್ಬೇಕು. ಇದ್ಯಾವ ಕಟ್ಟು ಕಣಪ್ಪಾ?" ಎಂದೆ.

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹಿಂದಿನ ದಿನ ಆನೆಗಳು ರಾಗಿ ಹೊಲಕ್ಕೆ ನುಗ್ಗಿದ್ದವು, ಅದಕ್ಕೇ ಜನ ಒಂದೇ ಕಡೆ ಗುಂಪಾಗಿ ನಿಂತಿದ್ದರು. ನಮ್ಮ ಬೀದಿಯ ಒಬ್ಬಳು ಬುಟ್ಟಿ ಹೊತ್ತು ಬರುತ್ತಿದ್ದವಳು ನನ್ನನ್ನು ಕಂಡು ಗಕ್ಕನೆ ನಿಂತಳು. ಹೊರಡುವಾಗ ವಿಧವೆ ಎದುರಾದರೆ ಮನೆಗೆ ವಾಪಸು ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅವಳು ಹಾಗೇ ತಿರುಗಿ ಹೋದಳು. ಅವಳು ನೀರು ಕುಡಿದು ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಬಸ್ಸಿನ ಹಿಂದೆ ಬುಟ್ಟಿ ಹಿಡಿದು ಓಡುವುದನ್ನು ಕಿಟಕಿಯಿಂದ ನೋಡಿದೆ. ನಗು ಬಂತು. ಅವರು ಹೋದ ಮೇಲೆ ನಾನು ನಕ್ಕ ಮೊದಲ ನಗು ಅದು, ಒಳ್ಳೆಯ ನಗುವೇನೂ ಅಲ್ಲ.

ಹಲ್ಲು ತುಂಬಿಸಿಕೊಳ್ಳಲು ಹೋದರೆ ಏನೇನು ಮಾಡುತ್ತಾರೆ ಎಂದು ನಮ್ಮ ಊರಿನಲ್ಲಿ ನನಗೆ ಹೇಳುವವರು ಇರಲಿಲ್ಲ. ಕಿತ್ತು ಎಸೆಯುವುದು ಎಲ್ಲರಿಗೂ ಗೊತ್ತು. ಇದನ್ನು ಓದುವವರಲ್ಲಿ ಯಾರಾದರೂ ನನ್ನ ಹಾಗೆ ಹೆದರಿ ಕೂತಿರಬಹುದು. ಅದಕ್ಕೇ ಒಂದನ್ನೂ ಬಿಡದೆ ಬರೆಯುತ್ತೇನೆ.

ಕ್ಲಿನಿಕ್ಕು ಮಹಡಿಯ ಮೇಲಿತ್ತು. ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಮಿಳಿನಲ್ಲಿ ಮಾತಾಡಿದಳು, ನಾನು ಬರುವಷ್ಟು ತಮಿಳಿನಲ್ಲಿ ಉತ್ತರ ಕೊಟ್ಟೆ, ಸಿಕ್ಕಿಹಾಕಿಕೊಂಡಲ್ಲಿ ಇಬ್ಬರೂ ತೆಲುಗಿಗೆ ಹೋದೆವು. ಮೊದಲು ಬಾಯಿ ನೋಡಲಿಲ್ಲ, ಪ್ರಶ್ನೆ ಕೇಳಿದಳು. ಬಿಪಿ ಇದೆಯಾ, ಸಕ್ಕರೆ ಇದೆಯಾ, ಯಾವುದಾದರೂ ಮಾತ್ರೆ ಆಗುವುದಿಲ್ಲವಾ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ.

"ನನ್ನ ಗಂಡನಿಗೆ" ಎಂದೆ. "ಎರಡೂವರೆ ತಿಂಗಳಾಯಿತು. ಹೃದಯಾಘಾತ. ನೋವು ಬಂದದ್ದು ಎಡದವಡೆಗೆ."

ಯಾರ ಮುಂದೆಯೂ ಬಾಯಿಬಿಟ್ಟು ಆಡದ ಮಾತನ್ನು ಗುರುತಿಲ್ಲದವಳ ಮುಂದೆ ಆಡಿದೆ. ಅವಳು ಪೆನ್ನು ಕೆಳಗಿಟ್ಟಳು. ಬೆವರಿದ್ದರಾ, ವಾಂತಿ ಆಗಿತ್ತಾ ಎಂದು ಕೇಳಿದಳು. ಎರಡಕ್ಕೂ ಹೌದು ಎಂದೆ.

"ಅದು ಹಲ್ಲಲ್ಲಮ್ಮ. ಹೃದಯದ ನೋವು ಕೆಲವರಿಗೆ ದವಡೆಗೆ ಬರುತ್ತದೆ, ಕೆಲವರಿಗೆ ಕೈಗೆ, ಬೆನ್ನಿಗೆ. ಅವರು ನನ್ನ ಹತ್ತಿರ ಬಂದಿದ್ದರೂ ಈ ಕುರ್ಚಿಯ ಮೇಲೆ ಕೂರಿಸುತ್ತಿರಲಿಲ್ಲ. ನೇರ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದೆ."

ಅಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ. ಹತ್ತು ಗಂಟೆಗೇ ಹೋಗಿದ್ದರೆ ಉಳಿಯುತ್ತಿದ್ದರಾ?

"ತೆರಿಯಲಮ್ಮಾ" ಎಂದಳು. ಗೊತ್ತಿಲ್ಲಮ್ಮ. ಉಳಿಯುತ್ತಿದ್ದರು ಎನ್ನಲಿಲ್ಲ, ಉಳಿಯುತ್ತಿರಲಿಲ್ಲ ಎಂದೂ ಅನ್ನಲಿಲ್ಲ. ಆ ಒಂದು ಮಾತಿಗಾಗಿ ನಾನು ಅವಳನ್ನು ಮರೆಯುವುದಿಲ್ಲ.

ಆಮೇಲೆ ಕುರ್ಚಿ. ಅದು ಹಿಂದಕ್ಕೆ ಮಲಗುತ್ತದೆ, ಕಾಲು ತಲೆಯ ಮಟ್ಟಕ್ಕೆ ಬರುತ್ತದೆ. ಬಾಯಿಯೊಳಗೆ ಹೆಬ್ಬೆರಳಿನಷ್ಟು ಅಗಲದ ಬಿಲ್ಲೆ ಇಟ್ಟು ಫೋಟೋ ತೆಗೆದರು. ಪರದೆಯ ಮೇಲೆ ನನ್ನ ಹಲ್ಲು ಬೇರಿನ ಸಮೇತ ಕಾಣಿಸಿತು, ಗೆದ್ದಲು ತಿಂದ ಗೂಟದ ಹಾಗೆ ಒಂದು ಕಡೆ ಕಪ್ಪು. "ಇಲ್ಲಿದೆ ನೋಡಿ ನರ" ಎಂದು ತೋರಿಸಿದಳು. "ಕಪ್ಪು ಇನ್ನೂ ಅದನ್ನು ಮುಟ್ಟಿಲ್ಲ. ಮುಟ್ಟಿದ್ದರೆ ತುಂಬಿಸಿದರೆ ಸಾಕಾಗುತ್ತಿರಲಿಲ್ಲ, ಬೇರಿನೊಳಗೂ ಶುಚಿ ಮಾಡಬೇಕಿತ್ತು." ಆ ನರವನ್ನು ಕಣ್ಣು ಕಿರಿದು ಮಾಡಿ ನೋಡಿದೆ. ಹಲ್ಲಿನ ಬೇರಿನಿಂದ ಕೆಳಗೆ ಇಳಿದು ದವಡೆಯ ಮೂಳೆಗೆ ಸೇರಿತ್ತು. "ಇದು ಎದೆಗೆ ಹೋಗುತ್ತದಾ?" ಎಂದೆ. ಅವಳು ನಗಲಿಲ್ಲ. "ತಲೆಗೆ ಹೋಗುತ್ತದೆ. ಎದೆಗೆ ದಾರಿಯಿಲ್ಲ" ಎಂದಳು.

"ವಾಯ್ ತೆರಂಗಮ್ಮಾ" ಎಂದಳು, ಬಾಯಿ ತೆಗೆದೆ. ಮೊದಲು ಒಸಡಿಗೆ ಸೂಜಿ. ಅದು ಉರಿಯುತ್ತದೆ, ಹತ್ತು ಎಣಿಸುವವರೆಗೆ ಉರಿಯುತ್ತದೆ, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಬಲತುಟಿ ದಪ್ಪಗಾದ ಹಾಗೆ, ಅರ್ಧ ನಾಲಿಗೆ ಬೇರೆಯವರದ್ದಾದ ಹಾಗೆ ಆಯಿತು. ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ ಎಂದಳು. ಇದು ನನಗೆ ಬಹಳ ಹಿಡಿಸಿತು. ಒಂದು ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಕೊರೆಯುವ ಯಂತ್ರಕ್ಕೆ ಎಲ್ಲರೂ ಹೆದರುತ್ತಾರೆ. ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯ ಒಳಗಿನಿಂದ ಬರುತ್ತದೆ. ಅದರ ತುದಿಯಿಂದ ನೀರು ಚಿಮ್ಮುತ್ತದೆ, ಪಕ್ಕದಲ್ಲಿ ನಿಂತ ನರ್ಸು ಸಣ್ಣ ಕೊಳವೆಯಲ್ಲಿ ಆ ನೀರನ್ನು ಎಳೆಯುತ್ತಾಳೆ, ಸುಟ್ಟ ಕೊಂಬಿನ ಥರ ವಾಸನೆ ಮೂಗಿಗೆ ಬರುತ್ತದೆ. ನೋವು ಇರಲಿಲ್ಲ. ನಡುಗುವುದು ಗೊತ್ತಾಗುತ್ತಿತ್ತು, ನೋವು ಇರಲಿಲ್ಲ. ಮೇಲಿನ ದೀಪ ನೋಡುತ್ತ ಮಲಗಿದ್ದವಳಿಗೆ ಜಗಲಿ ನೆನಪಾಯಿತು. ಕೊಳವೆ ಬಾಯಲ್ಲಿಟ್ಟುಕೊಂಡು ಕೆಮ್ಮುತ್ತಿದ್ದ ಅವರು, ಸುತ್ತ ನಿಂತು ನಗುತ್ತಿದ್ದ ನಾವು. ಆ ಹೊತ್ತಿನಲ್ಲಿ ಅವರು ಕೈ ಎತ್ತಿದ್ದರಾ? ಎತ್ತಿದ್ದರೂ ನಾವು ನೋಡಿರಲಿಕ್ಕಿಲ್ಲ, ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ನನ್ನ ಎಡಗೈ ತಾನಾಗಿ ಮೇಲೆದ್ದಿತು. ಸದ್ದು ನಿಂತಿತು.

"ವಲಿಕ್ಕುದಾ?" ಎಂದಳು ಡಾಕ್ಟರಮ್ಮ.

ನೋವಿಲ್ಲ ಎಂದು ತಲೆ ಆಡಿಸಿದೆ. ಕಣ್ಣೀರು ಎರಡೂ ಕಿವಿಯೊಳಗೆ ಇಳಿದಿತ್ತು. ನರ್ಸು ಹತ್ತಿಯಿಂದ ಒರೆಸಿದಳು. ಯಾರೂ ಅವಸರ ಮಾಡಲಿಲ್ಲ. ನಾನೇ ಮತ್ತೆ ಬಾಯಿ ತೆಗೆದೆ.

ಕೊರೆದ ಮೇಲೆ ನೀಲಿ ಬಣ್ಣದ ಮದ್ದು ಹಚ್ಚಿ ತೊಳೆದರು, ಗಾಳಿ ಬಿಟ್ಟು ಒಣಗಿಸಿದರು. ನಾದಿದ ಹಿಟ್ಟಿನಂಥದ್ದನ್ನು ಸಣ್ಣ ಕಡ್ಡಿಯಿಂದ ಗುಂಡಿಗೆ ಒತ್ತಿ ನೀಲಿ ದೀಪ ಹಿಡಿದರು. ದೀಪ ಹಿಡಿದಾಗ ಅದು ಕಲ್ಲಾಗುತ್ತದೆ. ಮತ್ತೆ ಸ್ವಲ್ಪ ಹಿಟ್ಟು, ಮತ್ತೆ ದೀಪ. ಗೋಡೆಗೆ ಗಿಲಾವು ಮಾಡುವವರು ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಾಕುವ ಹಾಗೆ. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ, ಬಣ್ಣ ಅಂಟಿದ ಉಬ್ಬನ್ನು ಉಜ್ಜಿ ಸಮ ಮಾಡಿದರು. ಎಲ್ಲಾ ಸೇರಿ ಮುಕ್ಕಾಲು ಗಂಟೆ. ಮರಗಟ್ಟಿದ್ದು ಇಳಿಯುವವರೆಗೆ ಏನೂ ಅಗಿಯಬೇಡಿ, ಗೊತ್ತಾಗದೆ ಕೆನ್ನೆ ಕಚ್ಚಿಕೊಳ್ಳುತ್ತೀರಿ. ಕೆಲವು ದಿನ ತಣ್ಣಗಿನದಕ್ಕೆ ಜುಮ್ಮೆನ್ನಬಹುದು. ಕಚ್ಚುವಾಗ ಎತ್ತರ ಅನ್ನಿಸಿದರೆ, ತಾನಾಗಿ ನೋವು ಬಂದರೆ ಕಾಯದೆ ಬನ್ನಿ ಎಂದಳು. ಕಾಯದೆ ಎನ್ನುವುದನ್ನು ಎರಡು ಸಲ ಹೇಳಿದಳು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ನನ್ನ ಬಲತುಟಿ ಜೋತುಬಿದ್ದಿತ್ತು, ಅಂಚಿನಲ್ಲಿ ಜೊಲ್ಲು. ಅವರು ಎದ್ದು ನಿಂತು ಬೀದಿಗೆ ಕೇಳುವ ಹಾಗೆ ಕೂಗಿದರು.

"ಅಯ್ಯಯ್ಯೋ, ಬಾಯಿ ಸೊಟ್ಟಗಾಗೋಯ್ತಲ್ಲೋ! ಲಕ್ವಾ ಹೊಡೆದದೆ ಬನ್ರೋ!"

ಪಕ್ಕದ ಮನೆಯವರು ಓಡಿ ಬಂದರು. ಮರಗಟ್ಟಿದೆ, ಇಳಿಯುತ್ತದೆ ಎಂದು ನಾನು ಹೇಳಲು ಹೋದರೆ ಮಾತು ತೊದಲಿತು. ಅದು ಅವರಿಗೆ ಸಾಕ್ಷಿಯಾಯಿತು. ಒಬ್ಬಳು ಎಣ್ಣೆ ತಂದಳು, ಇನ್ನೊಬ್ಬಳು "ಅದ್ಕೇ ಅಂದಿದ್ದು, ಎಲ್ಲೆ ದಾಟ್ಬ್ಯಾಡ ಅಂತ" ಎಂದಳು. ನಾನು ನೆಲದ ಮೇಲೆ ಕೂತು ಗಡಿಯಾರ ತೋರಿಸಿದೆ. ಎರಡು ಬೆರಳು ಎತ್ತಿದೆ. ಇನ್ನೆರಡು ಗಂಟೆಯಲ್ಲಿ ಸರಿಹೋಗುತ್ತದೆ ಎಂದು. ಯಾರೂ ಕದಲಲಿಲ್ಲ. ನನ್ನ ತುಟಿ ಮೇಲೇರುವುದನ್ನು ನೋಡಲು ಆರೇಳು ಜನ ಕಾದು ಕೂತರು. ಏರಿತು. ಅದನ್ನು ನೋಡಿದ ಮೇಲೆ ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೂ ಇತ್ತು. ಅತ್ತೆ ಮಾತ್ರ ನನ್ನ ಗಲ್ಲ ಹಿಡಿದು ಬಾಯಿ ತೆಗೆಸಿ ನೋಡಿದರು. ಹಲ್ಲು ಅಲ್ಲೇ ಇತ್ತು. ಗಲ್ಲ ಬಿಟ್ಟು ಒಳಗೆ ಹೋದರು.

ಮೂರು ತಿಂಗಳ ತಿಥಿಗೆ ನೆಂಟರು ಬಂದರು. ನಾಟ್ರಾಂಪಾಳ್ಯದ ಕಡೆಯ ಒಬ್ಬ ಹಿರಿಯರು, ಸಂಬಂಧದಲ್ಲಿ ನನಗೆ ಮಾವ ಆಗಬೇಕು, ಮಣ್ಣಿಗೆ ಬರಲು ಆಗಿರಲಿಲ್ಲ. ಪಡಸಾಲೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತ, ಏನಾಯಿತು ಎಂದು ಮೈದುನನನ್ನು ಕೇಳಿದರು. ಹಲ್ಲುನೋವು ಅಂತ ಕೂತಿದ್ದ ಮಾವ, ಅಲ್ಲಿಂದ ಎದೆಗೆ ಇಳೀತು ಎಂದ ಅವನು.

"ಹಲ್ಲಿನ ನರ ಕೆಟ್ಟದ್ದು ಕಣ್ಲಾ. ನಮ್ಮೂರಲ್ಲಿ ಹುಳ ತೆಗೆಯೋನು ಒಬ್ಬ ಅವ್ನೆ. ಏನ್ ಕೈಗುಣ ಅಂತೀಯ! ಒಂದ್ ಫೋನ್ ಮಾಡಿದ್ರೆ ಕರ್ಕೊಂಬತ್ತಿದ್ದೆ. ನಿಮ್ಮಣ್ಣ ಇವತ್ತು ಇಲ್ಲೇ ಕೂತಿರ್ತಿದ್ದ."

ನಾನು ಒಳಗೆ ಎಲೆ ಒರೆಸುತ್ತಿದ್ದೆ. ಹೊಸ್ತಿಲಿಗೆ ಬಂದು ನಿಂತೆ. ಅಷ್ಟು ಗಂಡಸರ ಮುಂದೆ ನಾನು ಅಲ್ಲಿಯವರೆಗೆ ಮಾತಾಡಿದವಳಲ್ಲ.

"ಹಲ್ಲಲ್ಲ ಮಾವ. ಹಾರ್ಟು. ಆಸ್ಪತ್ರೆ ಚೀಟೀಲಿ ಬರ್ದವ್ರೆ. ಅವ್ರ ಹಲ್ಲಲ್ಲಿ ಏನೂ ಇರ್ಲಿಲ್ಲ. ಹತ್ ಗಂಟೆಗೆ ಬೆವರಿದ್ರು. ಹನ್ನೆರಡೂವರೆವರ್ಗೂ ನಾವು ಇಲ್ಲೇ ಇಟ್ಕೊಂಡಿದ್ವಿ. ಲವಂಗ ಇಟ್ಟೋಳು ನಾನೇ."

ಅಲ್ಲಿಗೆ ನಿಲ್ಲಿಸಿದೆ. ಹೊಗೆಯ ಮಾತು ಎತ್ತಲಿಲ್ಲ, ಅದನ್ನು ಹೇಳುವುದು ನನ್ನ ಪಾಲಿನದಲ್ಲ.

"ಅತ್ತಿಗೆ, ಇವತ್ತು ಬ್ಯಾಡ" ಎಂದ ಮೈದುನ.

"ಯಾಕ್ಲಾ ಬ್ಯಾಡ?" ಎಂದರು ಅತ್ತೆ. ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದವರು ಗೋಡೆ ಹಿಡಿದು ಎದ್ದರು. "ಅವ್ಳು ಹೇಳ್ತಿರೋದು ಸರಿ. ಹೊಗೆ ಹಾಕ್ಸಿದ್ದು ನಾನು. ಗಾಡಿ ತರ್ಸೋ ಹೊತ್ನಲ್ಲಿ ಆ ಮುದುಕೀನ ಕರ್ಕೊಂಬರಕ್ಕೆ ಹೋದೆ." ಆಮೇಲೆ ನಾಟ್ರಾಂಪಾಳ್ಯದವರ ಕಡೆ ತಿರುಗಿದರು. "ನಿಮ್ಮೂರ ಹುಳ ತೆಗೆಯೋನ್ನ ನಿಮ್ಮನೇಲೇ ಇಟ್ಕೊಳ್ಳಪ್ಪ. ನಮ್ ಬಾಗ್ಲಿಗೆ ಬ್ಯಾ‌ಡ."

ಅತ್ತೆ ಅಳಲಿಲ್ಲ. ಹಿತ್ತಲಿಗೆ ಹೋಗಿ ಹಸುವಿನ ಪಕ್ಕ ಕೂತರು, ಊಟಕ್ಕೆ ಕರೆದರೂ ಬರಲಿಲ್ಲ.

ಆಮೇಲೆ ಎಂಟು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಂಡರು, ಎತ್ತಿದರೆ ಸುಮ್ಮನಿದ್ದರು. ನಾನು ಆಡಿದ ಮಾತು ಅವರಿಗೆ ಎಷ್ಟು ಆಳಕ್ಕೆ ಹೋಗಿದೆ ಎಂದು ನನಗೆ ಗೊತ್ತು. ಹಲ್ಲು ಕೊಂದಿತು ಎನ್ನುವವರೆಗೆ ಅವರ ಮೇಲೆ ತಪ್ಪಿರಲಿಲ್ಲ. ಈಗ ಇದೆ, ನನ್ನ ಮೇಲೂ ಇದೆ. ಹಾಗೆಂದು ಆಡಿದ್ದನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಊರಿನಲ್ಲಿ ಈಗಲೂ ಅವರು ಹಲ್ಲುನೋವಿನಿಂದ ಸತ್ತರು ಎನ್ನುವವರು ಬಹಳ ಇದ್ದಾರೆ. ಹಿಂದೆ ಆಡಿಕೊಂಡರೆ ನನಗೆ ಕೇಳಿಸುವುದಿಲ್ಲ. ನನ್ನೆದುರು ಅಂದರೆ ತಿದ್ದುತ್ತೇನೆ. ಡೈರಿಯಲ್ಲಿ ತಿದ್ದುತ್ತೇನೆ, ಬಸ್ಸಿನಲ್ಲಿ ತಿದ್ದುತ್ತೇನೆ, ಮದುವೆ ಮನೆಯಲ್ಲೂ ತಿದ್ದಿದ್ದೇನೆ. ಎಡದವಡೆ ನೋವು, ಮೈಯೆಲ್ಲ ಬೆವರು ಅಂದರೆ ಯಾರನ್ನೂ ಕಾಯಬೇಡಿ, ಗಾಡಿ ಹತ್ತಿ ಎನ್ನುತ್ತೇನೆ. ಇವಳಿಗೆ ಇದೇ ಆಯಿತು ಎಂದು ಮುಖ ತಿರುಗಿಸುತ್ತಾರೆ. ತಿರುಗಿಸಿಕೊಳ್ಳಲಿ. ಕಿವಿ ಅವರಿಗೆ ಎರಡೂ ಕಡೆ ಇದೆ.